ಭಾವ ಉಳಿಸಿದ ಕರೆಂಟು

ನಮ್ಮ ಭಾವ ಗುರುಸಂಗಪ್ಪನ ಬಗ್ಗೆ ಬರೆಯುವಾಗ 'ಅವರು, ಇವರು' ಎಂದು ಮರ್ಯಾದೆ ಕೊಡಬೇಕು. ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯ, ಕೊಟ್ಟೂರು ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟು ನಾಲ್ಕು ಜನರಲ್ಲಿ ಹೆಸರು ಮಾಡಿದವನು. ಎದುರಿಗೆ ಸಿಕ್ಕಾಗ ಕೊಡುತ್ತೇನೆ. 'ಬರ್ರಿ ಭಾವ, ಕೂಡ್ರಿ ಭಾವ' ಎನ್ನುತ್ತೇನೆ. ಇಲ್ಲಿ ಮಾತ್ರ ಕೊಡುವುದಿಲ್ಲ. ಎದುರಿಗೆ ನುಂಗಿಕೊಂಡದ್ದನ್ನು ಬರೆಯುವಾಗಲೂ ನುಂಗಿಕೊಂಡರೆ ನನಗೆ ಅನ್ನ ಅರಗುವುದಿಲ್ಲ.

ನಾನು ಪುಷ್ಪಲತಾ, ಹಗರಿಬೊಮ್ಮನಹಳ್ಳಿಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್. ನನ್ನ ಅಕ್ಕ ಕೊಟ್ರಮ್ಮನನ್ನು ಕೊಟ್ಟೂರಿಗೆ ಕೊಟ್ಟಿದೆ. ಅವಳ ಒಬ್ಬಳೇ ಮಗಳು ಹಡಗಲಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಹಾಗಾಗಿ ಕೊಟ್ಟೂರಿನ ಆ ಹಳೆಯ ಮಾಳಿಗೆ ಮನೆಯಲ್ಲಿ ಇರುವವರು ಇಬ್ಬರೇ, ಅಕ್ಕ ಮತ್ತು ಭಾವ. ಮೂರನೆಯದಾಗಿ ಭಾವನ ಕೀರ್ತಿ ಇದೆ. ಅದಕ್ಕೆ ಅವರಿಬ್ಬರಿಗಿಂತ ಹೆಚ್ಚು ಜಾಗ ಬೇಕು.

ಭಾವನ ಕೀರ್ತಿ ಏನೆಂದರೆ ಕರೆಂಟು ಉಳಿಸುವುದು. ಕೊಟ್ಟೂರಿನಲ್ಲಿ ಅವನಷ್ಟು ಕಡಿಮೆ ಕರೆಂಟು ಸುಡುವ ಸಂಸಾರಸ್ಥ ಇನ್ನೊಬ್ಬನಿಲ್ಲ ಎಂಬುದು ಅವನ ನಂಬಿಕೆ. ಒಮ್ಮೆ ಮೀಟರು ನೋಡಲು ಬಂದವನು ಬಾಗಿಲಲ್ಲಿ ನಿಂತು, "ಯಜಮಾನ್ರ, ಈ ಮನ್ಯಾಗ ಮಂದಿ ಅದಾರೋ, ಇಲ್ಲ ಬೀಗ ಹಾಕ್ಕೊಂಡು ಊರಿಗೆ ಹೋಗಿದ್ರೋ?" ಎಂದು ಕೇಳಿದನಂತೆ. ಈ ಒಂದು ಮಾತನ್ನು ಭಾವ ಎಷ್ಟು ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದಾನೋ ಲೆಕ್ಕವಿಲ್ಲ. ಹೇಳುವಾಗ ಮೀಟರಿನವನ ದನಿಯನ್ನೂ ಮಾಡಿ ತೋರಿಸುತ್ತಾನೆ. ಪಕ್ಕದಲ್ಲಿ ಕೂತವರು ನಗಲೇಬೇಕು, ಹೋಳಿಗೆ ಕೈಯಲ್ಲಿ ಹಿಡಿದು ಕಾಯುತ್ತಾನೆ.

ದುಡ್ಡಿನ ಆಸೆಗೆ ಹೀಗೆ ಮಾಡುತ್ತಾನೆ ಎಂದುಕೊಂಡರೆ ತಪ್ಪು. ಸರ್ಕಾರ ಮನೆಗಳಿಗೆ ಕರೆಂಟು ಪುಕ್ಕಟೆ ಮಾಡಿದಾಗ ಓಣಿಯವರೆಲ್ಲ, "ಇನ್ನಾರ ಅಡಿಗಿ ಮನಿಗೆ ಒಂದು ಫ್ಯಾನ್ ಹಾಕಸ್ರಿ" ಎಂದರು. ಭಾವ, "ಪುಕ್ಕಟೆ ಅಂತ ದೇಶ ಹಾಳು ಮಾಡಬೇಕೇನು?" ಎಂದ. ಕೇಳಿದವರು ತಲೆದೂಗಿದರು. ನಾನು ಅವತ್ತು ಅಲ್ಲೇ ಇದ್ದೆ. ಅಕ್ಕ ಅಡುಗೆಮನೆಯಲ್ಲಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಳು. ದೇಶವನ್ನು ಉಳಿಸುತ್ತಿರುವುದು ಯಾರು ಎಂದು ನನಗೆ ಅವತ್ತೇ ಗೊತ್ತಾಯಿತು.

ಭಾವನ ಉಪಾಯಗಳನ್ನು ಹೇಳುತ್ತೇನೆ, ಕೇಳಿ. ಸ್ನಾನಕ್ಕೆ ಗೀಸರ್ ಬೇಡ, ಸೌದೆಯೂ ಬೇಡ. ಮಾಳಿಗೆಯ ಮೇಲೆ ಕಪ್ಪು ಬಳಿದ ತಾಮ್ರದ ಹಂಡೆ ಇದೆ. ಬೆಳಿಗ್ಗೆ ಅದಕ್ಕೆ ನೀರು ತುಂಬಿ ಮುಚ್ಚಿಟ್ಟರೆ ನಮ್ಮ ಕಡೆಯ ಬಿಸಿಲಿಗೆ ಸಂಜೆಯೊಳಗೆ ಕೈ ಸುಡುವಷ್ಟು ಕಾಯುತ್ತದೆ. ಎಂಥ ಉಪಾಯ! ಆದರೆ ನೀರು ತಾನಾಗಿ ಮಾಳಿಗೆ ಹತ್ತುವುದಿಲ್ಲ. ಮೋಟರು ಹಾಕುವಂತಿಲ್ಲ. ಅಂಗಳದ ಸಂಪಿನಿಂದ ಹಗ್ಗ ಬಿಟ್ಟು ಸೇದಿ, ಕೊಡ ಸೊಂಟದ ಮೇಲಿಟ್ಟುಕೊಂಡು, ಹಿಡಿಕೆಯಿಲ್ಲದ ಕಲ್ಲಿನ ಮೆಟ್ಟಿಲು ಹತ್ತಿ ಸುರಿಯಬೇಕು. ಸಂಜೆ ಅದನ್ನೇ ಬಕೆಟ್ಟಿನಲ್ಲಿ ಕೆಳಗೆ ಇಳಿಸಬೇಕು. ಭಾವ ಅಂಗಡಿಯಿಂದ ಬಂದು ಬಚ್ಚಲಿಗೆ ಹೋಗುವಷ್ಟರಲ್ಲಿ ನೀರು ಹದವಾಗಿ ಕಾದಿರುತ್ತದೆ. ಮೈ ತೊಳೆದುಕೊಂಡು ಬಂದು, "ಸೂರ್ಯ ದೇವ್ರು ಕಾಸಿಕೊಟ್ಟ ನೀರು" ಎನ್ನುತ್ತಾನೆ. ಸೂರ್ಯ ದೇವರ ಜೊತೆ ಇನ್ನೊಬ್ಬಳ ಹೆಸರು ಬರುವುದೇ ಇಲ್ಲ.

ಬೇಸಿಗೆಯಲ್ಲಿ ಪಡಸಾಲೆಯ ಕಿಟಕಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸುತ್ತಿದ್ದರೆ ಒಳಗೆ ತಂಪು. ಫ್ಯಾನು ಬೇಕಿಲ್ಲ. ಚೀಲ ಒಣಗಿದರೆ ತಂಪು ಹೋಯಿತು, ಆದ್ದರಿಂದ ಭಾವ ಮಧ್ಯಾಹ್ನ ಮಲಗಿರುವಷ್ಟು ಹೊತ್ತು ಅಕ್ಕ ಎದ್ದೆದ್ದು ಹೋಗಿ ನೀರು ಹೊಡೆಯಬೇಕು. ಮೇಲಿನ ಬೆಳಕಿಂಡಿಯಿಂದ ಅಡುಗೆಮನೆಗೆ ಬೆಳಕು ಬೀಳುತ್ತದೆ ಎಂದು ಅಲ್ಲಿಯ ಬಲ್ಬು ಬಿಚ್ಚಿದ್ದಾನೆ. ಮೋಡ ಮುಚ್ಚಿದ ದಿನ ಅಕ್ಕ ಅಕ್ಕಿಯನ್ನು ಅಂಗಳಕ್ಕೆ ತಂದು ಕಲ್ಲು ಆರಿಸುತ್ತಾಳೆ. ಗ್ಯಾಸು ಉಳಿಯಲೆಂದು ಶೇಂಗಾ ಹೊಟ್ಟಿನ ಒಲೆ, ರುಬ್ಬಲು ಒಳಕಲ್ಲು. ಬಟ್ಟೆಗೆ ಇಸ್ತ್ರಿ ಪೆಟ್ಟಿಗೆ ಇಲ್ಲ. ಒದ್ದೆಯಿರುವಾಗಲೇ ಎಳೆದು ಜಾಡಿಸಿ ಮಡಿಚಿ ಹಾಸಿಗೆಯ ಕೆಳಗಿಟ್ಟರೆ ಗೆರೆ ಕೂರುತ್ತದೆ. ಹಾಗೆ ಗೆರೆ ಕೂತ ಬಿಳಿ ಅಂಗಿ ತೊಟ್ಟುಕೊಂಡು ಅವನು ಅಂಗಡಿಗೆ ಹೋಗುತ್ತಾನೆ.

ಅಂಗಡಿಯನ್ನು ನೀವು ನೋಡಬೇಕು. ಹಗಲಿನಲ್ಲೇ ದೀಪಾವಳಿ. ಸೀರೆಯ ಬಣ್ಣ ಗಿರಾಕಿಗೆ ಎದ್ದು ಕಾಣಲಿ ಎಂದು ಗೋಡೆಗೆಲ್ಲ ದೀಪ, ಗಲ್ಲಾದ ಮೇಲೆ ಒಂದು ಫ್ಯಾನು, ಎದುರಿಗೆ ಇನ್ನೊಂದು. ಇಡೀ ದಿನ ಆ ಗಾಳಿಯಲ್ಲಿ ಕೂತು ಮನೆಗೆ ಬಂದವನಿಗೆ ಮನೆಯ ಸೆಕೆ ಎಷ್ಟು ಹೊತ್ತಿನದು? ನಾನು ಒಮ್ಮೆ ಕೇಳಿದೆ, "ಅಂಗಡಿಯಾಗ ಯಾಕ್ರಿ ಇಷ್ಟು ಲೈಟು?" ಎಂದು. "ಅದು ವ್ಯಾಪಾರ, ಇದು ಸಂಸಾರ" ಎಂದ. ಆ ಉತ್ತರಕ್ಕೂ ಯಾರೋ ತಲೆದೂಗಿದರು.

ಉಪಾಯಗಳೇ ಕೆಟ್ಟವು ಎಂದು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲೂ ಅನ್ನ ಒಂದು ಕುದಿ ಬಂದ ಮೇಲೆ ಇಳಿಸಿ ಕೌದಿಯಲ್ಲಿ ಸುತ್ತಿಡುತ್ತೇವೆ. ಉಳಿದದ್ದು ತನ್ನ ಬಿಸಿಗೆ ತಾನೇ ಬೇಯುತ್ತದೆ, ಗ್ಯಾಸಿನ ಖರ್ಚು ಅರ್ಧ. ಬೇಳೆ ನೆನೆಹಾಕುತ್ತೇವೆ. ಟಿವಿಯನ್ನು ಗೋಡೆಯ ಬಟನ್ನಿನಲ್ಲೇ ಆರಿಸುತ್ತೇವೆ. ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿದ್ದೇವೆ. ಫ್ರಿಜ್ಜನ್ನು ಗೋಡೆಗೆ ಆನಿಸದೆ ಬೆನ್ನಿಗೆ ಗಾಳಿಯಾಡುವಂತೆ ಇಟ್ಟಿದ್ದೇವೆ, ಬಿಸಿ ಸಾರು ಒಳಗಿಡುವುದಿಲ್ಲ. ಇವುಗಳಲ್ಲಿ ಅರ್ಧ ನಾನು ಮಾಡಿದರೆ ಅರ್ಧ ನನ್ನ ಗಂಡ ಮಾಡುತ್ತಾನೆ. ಯಾರ ಮೂಳೆಯೂ ಸವೆದಿಲ್ಲ. ನಮ್ಮನ್ನು ಕರೆದು ಯಾರೂ ಶಾಲು ಹೊದಿಸಿಲ್ಲ, ಅದು ಬೇರೆ ಮಾತು. ನನ್ನ ಸಿಟ್ಟು ಕರೆಂಟು ಉಳಿಸುವವರ ಮೇಲಲ್ಲ. ಹೆಂಡತಿಯ ರಟ್ಟೆಯನ್ನು ತಂತಿಯ ಬದಲು ಎಳೆದು ಅದಕ್ಕೆ ಉಳಿತಾಯ ಎಂದು ಹೆಸರಿಟ್ಟವನ ಮೇಲೆ.

ಆ ರಟ್ಟೆ ಹೋದ ವರ್ಷ ಕೈಕೊಟ್ಟಿತು. ಮೊದಲು ಅಕ್ಕನಿಗೆ ಕುಪ್ಪಸ ತೊಡುವಾಗ ನೋವು. ಆಮೇಲೆ ಮೇಲಿನ ಗೂಡಿನಿಂದ ಡಬ್ಬಿ ತೆಗೆಯಲು ಆಗದಾಯಿತು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಎತ್ತಲು ಹೋದರೆ ಕಣ್ಣಲ್ಲಿ ನೀರು. ನನ್ನ ವಾರದ ರಜೆಯ ದಿನ ನಾನೇ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿ, "ಭುಜ ಹಿಡಿದುಬಿಟ್ಟಿದೆಯಮ್ಮಾ. ರುಬ್ಬೋದು, ನೀರು ಸೇದೋದು, ಭಾರ ಎತ್ತೋದು ಪೂರ್ತಿ ನಿಲ್ಲಿಸ್ಬೇಕು. ನಾವು ಹೇಳಿಕೊಡೋ ವ್ಯಾಯಾಮ ಮಾಡ್ಬೇಕು. ಹೀಗೇ ದುಡಿಸಿದ್ರೆ ಈ ಕೈ ಮತ್ತೆ ಮೇಲೆ ಏಳೋದು ಕಷ್ಟ" ಎಂದರು. ಅಕ್ಕ ಹೊರಗೆ ಬಂದು ಕೇಳಿದ ಮೊದಲ ಮಾತು, "ಅವ್ರಿಗೆ ಹೆಂಗ ಹೇಳೋದು?" ಎಂದು.

ನಾನು ಹೇಳಿದೆ. ಕೊಟ್ಟೂರಿಗೆ ಅವಳನ್ನು ಬಿಡಲು ಹೋದಾಗ ಪಡಸಾಲೆಯಲ್ಲಿ ನಿಂತೇ ಹೇಳಿದೆ. ಅವರ ಮಗಳ ಮದುವೆಯ ಹೊತ್ತಿಗೆ ನಾನು ಅಕ್ಕನಿಗೆ ಕೊಟ್ಟ ಮಿಕ್ಸರು ಅಟ್ಟದ ಮೇಲೆ ಪೆಟ್ಟಿಗೆ ಸಮೇತ ಕೂತಿತ್ತು. "ಅದನ್ನ ಇಳಸ್ರಿ ಭಾವ. ಮೋಟರು ಹಾಕ್ರಿ. ಅಕ್ಕನ ಕೈ ಹೊಕ್ಕೈತಿ" ಎಂದೆ.

"ಕೆಲಸ ಬಿಟ್ಟು ಕುಂತ್ರ ಇನ್ನಷ್ಟು ಹಿಡೀತೈತಿ" ಎಂದ ಭಾವ. "ಮೈ ಅಂದ್ರ ಆಡ್ತಿರಬೇಕು. ಡಾಕ್ಟ್ರು ಹೇಳೋದೂ ವ್ಯಾಯಾಮ, ರುಬ್ಬೋದೂ ವ್ಯಾಯಾಮ. ಏನ್ ಫರಕು?"

"ಫರಕು ಗೊತ್ತಾಗಬೇಕಂದ್ರ ನೀವ ಒಂದಿನ ರುಬ್ರಿ."

"ಪುಷ್ಪಾ, ನೀನು ಬಸ್ಸಿನ್ಯಾಗ ಸೀಟಿ ಊದಾಕಿ. ಮನಿ ನಡಸೋದು ನಿನಗ ತಿಳಿಯಂಗಿಲ್ಲ. ಮಿಕ್ಸರ್ ಸದ್ದಿಗೆ ನನಗ ತಲಿ ನೋಯ್ತೈತಿ" ಎಂದು ಎದ್ದು ಹೋದ.

ಅಕ್ಕ ನನ್ನ ಕೈ ಹಿಡಿದುಕೊಂಡು, "ಬಿಡ, ಜಗಳ ಬ್ಯಾಡ. ಎಡಗೈ ಐತಲ್ಲ" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಎಡಗೈ ಇದೆ ಎಂದು ಹೇಳುವ ಹೆಂಗಸು ಸಿಕ್ಕಿದರೆ ಯಾವ ಗಂಡಸು ಮಿಕ್ಸರು ಇಳಿಸುತ್ತಾನೆ? ಅದನ್ನು ಅವಳಿಗೆ ಹೇಳಿಯೂ ಬಿಟ್ಟೆ. ಅವಳು ಎಡಗೈಯಲ್ಲಿ ಹಗ್ಗ ಸುತ್ತಿಕೊಂಡು ಸಂಪಿನ ಕಡೆ ಹೋದಳು. ಅವಳ ಕೈಯಿಂದ ಹಗ್ಗ ಕಿತ್ತುಕೊಂಡು ಅವತ್ತಿನ ನೀರು ನಾನೇ ಸೇದಿದೆ, ಹಂಡೆ ತುಂಬಿದೆ. ಮಾರನೆಯ ದಿನದ ನೀರು ಯಾರು ಸೇದುತ್ತಾರೆ ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕುವ ಅಗತ್ಯವಿರಲಿಲ್ಲ.

ಹೀಗಿರುವಾಗ ಭಾವನ ಕೀರ್ತಿಗೆ ಇನ್ನೊಂದು ಗರಿ ಮೂಡುವ ಕಾಲ ಬಂತು. ಊರಿನಲ್ಲಿ ಅರುಣಕುಮಾರ್ ಎಂಬ ಹುಮ್ಮಸ್ಸಿನ ಮನುಷ್ಯ ಇದ್ದಾನೆ. ಒಳ್ಳೆಯವನೇ. ನಾಲ್ಕು ಜನರನ್ನು ಕೂಡಿಸಿಕೊಂಡು ಬೆಳಕು ಬಳಗ ಎಂದು ಮಾಡಿಕೊಂಡು, ಗಿಡ ನೆಡುವುದು, ಕಸ ಬೇರ್ಪಡಿಸುವುದು ಎಂದು ವಿಡಿಯೋ ಮಾಡಿ ಫೋನಿನಲ್ಲಿ ಹಂಚುತ್ತಾನೆ. ಅವನಿಗೆ ಭಾವನ ವಿಷಯ ಕಿವಿಗೆ ಬಿತ್ತು. 'ಮನೆಯಲ್ಲಿ ಕರೆಂಟು ಉಳಿಸುವ ಸರಳ ಉಪಾಯಗಳು' ಎಂದು ಒಂದು ವಿಡಿಯೋ, ಅದು ಚೆನ್ನಾಗಿ ಓಡಿದರೆ ಹರಪನಹಳ್ಳಿ, ಕೂಡ್ಲಿಗಿ ಕಡೆಯಿಂದಲೂ ಜನ ಬಂದು ಮನೆ ನೋಡಿಕೊಂಡು ಹೋಗಲಿ ಎಂದು ಅವನ ಯೋಜನೆ. ಭಾವ ಹೊಸ ಅಂಗಿ ಹೊಲಿಸಿದ.

ವಿಡಿಯೋ ತೆಗೆಯುವ ಭಾನುವಾರ ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಹೋದೆ. ವಿಡಿಯೋ ಮಾಡಲು ಜನ ಬರುತ್ತಾರೆಂದರೆ ಅಕ್ಕನ ಕೈ ಇನ್ನು ವಿಡಿಯೋದಲ್ಲೂ ದುಡಿಯಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಹೋಗಿ ನೋಡಿದರೆ ಅಂಗಳ ಸಾರಿಸಿ ರಂಗೋಲಿ ಹಾಕಿದೆ, ಹಿತ್ತಾಳೆ ಕೊಡ ಹುಣಿಸೇಹಣ್ಣು ಹಾಕಿ ತಿಕ್ಕಿ ಸಾಲಾಗಿ ಇಟ್ಟಿದೆ. ಅಕ್ಕನ ಬಲಗೈ ಸೆರಗಿನೊಳಗೆ ಮಡಚಿಕೊಂಡಿತ್ತು.

ಅರುಣಕುಮಾರನ ಜೊತೆ ಪ್ರಿಯಾ ಎಂಬ ಕಾಲೇಜು ಹುಡುಗಿ ಬಂದಿದ್ದಳು, ಫೋನು ಹಿಡಿದು ವಿಡಿಯೋ ಮಾಡಲು. ಬಳಗದ ಇನ್ನೂ ನಾಲ್ಕೈದು ಜನ ಗೋಡೆಗೆ ಆನಿಕೊಂಡು ನಿಂತರು. ಭಾವ ಬೆಳಕಿಂಡಿಯ ಕೆಳಗೆ ನಿಂತು ಭಾಷಣ ಶುರುಮಾಡಿದ. ಪ್ರಕೃತಿ ಎಂದ, ಪೂರ್ವಿಕರು ಎಂದ, ಮಿತ ಎಂದ. ಮಾತು ಮುಗಿಯುವ ಹಾಗೆ ಕಾಣಲಿಲ್ಲ. ಹುಡುಗಿ ಫೋನು ಇಳಿಸಿ, "ಸರ್, ಬರೇ ಮಾತಾದ್ರ ಮಂದಿ ನೋಡಂಗಿಲ್ರಿ. ಒಂದೊಂದ ನೀವ ಮಾಡಿ ತೋರಿಸ್ರಿ" ಎಂದಳು. ಅವಳಿಗೆ ಯಾವ ಕುಹಕವೂ ಇರಲಿಲ್ಲ. ವಿಡಿಯೋ ಚೆನ್ನಾಗಿ ಬರಲಿ ಎಂಬ ಆಸೆ ಅಷ್ಟೇ.

"ಆಗ್ಲಿ, ಅದಕ್ಕೇನು" ಎಂದ ಭಾವ.

ಮೊದಲು ಹೊಟ್ಟಿನ ಒಲೆ. ಅದಕ್ಕೆ ಹೊಟ್ಟು ತುಂಬುವುದೇ ಒಂದು ಕೆಲಸ. ನಡುವೆ ಒನಕೆಯ ತುಂಡು ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಆಮೇಲೆ ಮೆಲ್ಲಗೆ ತುಂಡನ್ನು ಮೇಲಕ್ಕೆ ಎಳೆದು ಗಾಳಿಗೆ ದಾರಿ ಬಿಡಬೇಕು. ಭಾವ ಹೊಟ್ಟನ್ನು ಬಾಯಿಮಟ್ಟ ಸುರಿದು ಮೇಲಿಂದ ಕಡ್ಡಿ ಗೀರಿದ. ಬೆಂಕಿ ಹತ್ತಲಿಲ್ಲ, ಹೊಗೆ ಹತ್ತಿತು. ಅಡುಗೆಮನೆ ತುಂಬಿ ಪಡಸಾಲೆಗೂ ಬಂತು. ಅರುಣಕುಮಾರ್ ಕೆಮ್ಮಿದ, ಹುಡುಗಿ ಕೆಮ್ಮಿದಳು, ಭಾವನ ಹೊಸ ಅಂಗಿ ಮಸಿಯಾಯಿತು. ನಾನು ಮೂಲೆಯಲ್ಲಿ ಕೂತು ಕಣ್ಣು ಉರಿಯುತ್ತಿದ್ದರೂ ರೆಪ್ಪೆ ಮಿಟುಕಿಸದೆ ನೋಡಿದೆ. ಅಂಥದ್ದು ದಿನಾ ಸಿಗುವುದಿಲ್ಲ.

"ಇವತ್ತು ಹೊಟ್ಟು ಹಸಿ ಐತಿ" ಎಂದ ಭಾವ. ನೀರಿನ ಕಡೆ ಹೋದ. ಸಂಪಿನ ಹಗ್ಗ ಎಲ್ಲಿ ಸಿಕ್ಕಿಸಿರುತ್ತದೆ ಎಂದು ಗೊತ್ತಿರಲಿಲ್ಲ. ಹುಡುಕಿ ಸಿಗದೆ ಒಳಗೆ ತಿರುಗಿ ಕೂಗಿದ, "ಕೊಟ್ರಮ್ಮಾ, ಬಾ ಇಲ್ಲಿ. ಇವ್ರಿಗೆ ಮಾಡಿ ತೋರಸು."

ನಾನು ಎದ್ದು ನಿಂತೆ. "ಅಕ್ಕನ ಕೈ ಆಗಂಗಿಲ್ಲ" ಎಂದೆ. "ಎರಡು ನಿಮಿಷದ ಕೆಲಸ" ಎಂದ ಭಾವ ನಗುತ್ತ, ಬಂದವರ ಕಡೆ ನೋಡುತ್ತ. ಅಷ್ಟರಲ್ಲಿ ಅಕ್ಕ ಬಂದೇಬಿಟ್ಟಿದ್ದಳು. ಎಡಗೈಯಿಂದ ಹೊಟ್ಟು ತೋಡಿ ತೆಗೆದು, ಒನಕೆ ತುಂಡು ನಿಲ್ಲಿಸಿ, ಮತ್ತೆ ಗಿಡಿದು, ಒಲೆ ಹತ್ತಿಸಿದಳು. ಹೊಗೆ ಹೋಗಿ ಕೆಂಪು ಉರಿ ನಿಂತಿತು. ಎಲ್ಲರೂ 'ಆಹಾ' ಎಂದರು. ಹುಡುಗಿ, "ಆಂಟಿ, ರುಬ್ಬೋದು ಒಂದು ತಗೋತೀನ್ರಿ" ಎಂದು ಫೋನು ತಿರುಗಿಸಿದಳು.

ಅಕ್ಕ ಒಳಕಲ್ಲಿನ ಮುಂದೆ ಕೂತಳು. ಎಡಗೈಯಿಂದ ಗುಂಡು ತಿರುಗಿಸಲು ನೋಡಿದಳು. ಅದು ಅರ್ಧ ಸುತ್ತು ಹೋಗಿ ಪಕ್ಕಕ್ಕೆ ಹೊರಳಿತು. ತಡೆಯಲು ಬಲಗೈ ತಾನಾಗಿ ಮುಂದೆ ಹೋಯಿತು. ಆಗ ಅವಳ ಬಾಯಿಂದ ಬಂದ ಸದ್ದು ಕೂಗೂ ಅಲ್ಲ, ಮಾತೂ ಅಲ್ಲ. ತುಟಿ ಕಚ್ಚಿಕೊಂಡು ಅಲ್ಲೇ ಕೂತಳು, ಹಣೆಯ ಮೇಲೆ ಬೆವರು ಸಾಲುಗಟ್ಟಿತು. ನಾನು ಓಡಿಹೋಗಿ ಅವಳ ಭುಜ ಹಿಡಿದುಕೊಂಡೆ. ಅದು ಮರದ ಕೊರಡಿನ ಹಾಗೆ ಬಿಗಿದಿತ್ತು.

ಪ್ರಿಯಾ ಗಾಬರಿಯಾದಳು. ವಿಷಯ ಬದಲಿಸಬೇಕೆಂದು, ಪಾಪ, "ಆಂಟಿ, ಮಾಡೋದು ಸಾಕ್ರಿ. ವಿಡಿಯೋ ನೋಡೋ ಹೆಣ್ಮಕ್ಕಳಿಗೆ ಒಂದು ಮಾತು ಹೇಳ್ರಿ. ಕರೆಂಟ್ ಉಳಿಸ್ಬೇಕಂದ್ರ ಮನ್ಯಾಗ ಏನಿರಬೇಕು?" ಎಂದಳು.

ಅಕ್ಕ ಎಡಗೈಯಲ್ಲಿ ಸೆರಗು ಹಿಡಿದು ಹಣೆ ಒರೆಸಿಕೊಂಡಳು. ಆಮೇಲೆ, ಉಪ್ಪು ಎಷ್ಟು ಹಾಕಬೇಕೆಂದು ಹೇಳುವಂಥ ದನಿಯಲ್ಲಿ, "ನನ್ನಂಥಾಕಿ ಒಬ್ಬಾಕಿ ಇರಬೇಕವ್ವ. ಅಂಥಾಕಿ ಇದ್ದ ಮನಿಗೆ ಕರೆಂಟ್ ಯಾಕ ಬೇಕು?" ಎಂದಳು.

ಗೋಡೆಗೆ ಆನಿ ನಿಂತವರು ಚಪ್ಪಾಳೆ ತಟ್ಟಿದರು. ಭಾವ ಹೆಮ್ಮೆಯಿಂದ, "ನೋಡ್ರಿ, ನಮ್ಮ ಮನಿಯಾಕಿ!" ಎಂದ. ಆ ಚಪ್ಪಾಳೆ ಕೇಳಿ ನನಗೆ ಮೈಯೆಲ್ಲ ಉರಿಯಿತು. ಇವರಿಗೆ ಕಿವಿ ಇದೆಯೋ ಇಲ್ಲವೋ? ಆ ಹುಡುಗಿ ಒಬ್ಬಳು ತಟ್ಟಲಿಲ್ಲ. ಫೋನು ಹಿಡಿದ ಕೈ ಹಾಗೇ ಇತ್ತು, ಅವಳ ಮುಖ ಇಳಿದುಹೋಗಿತ್ತು.

ಇನ್ನು ಜಗಳವಾಡಿ ಉಪಯೋಗವಿಲ್ಲ, ಭಾವನಿಗೆ ಇಷ್ಟವಾದ ಜಾಗದಲ್ಲೇ ಅವನನ್ನು ಹಿಡಿಯಬೇಕು ಎಂದು ನನಗೆ ಹೊಳೆಯಿತು. ಫೋನು ಇನ್ನೂ ವಿಡಿಯೋ ಹಿಡಿಯುತ್ತಿತ್ತು. ಸೆರಗು ಸರಿಮಾಡಿಕೊಂಡು ಅದರ ಎದುರಿಗೆ ಹೋಗಿ ನಿಂತು, ನಗುನಗುತ್ತ ಕೇಳಿದೆ, "ಭಾವ, ನೀವು ಭಾಳ ದೊಡ್ಡ ಮನಸ್ಸಿನವ್ರು. ಅಕ್ಕನ ಕೈ ಆರಾಮ ಆಗೋತನಕ ನಮ್ಮ ಮನ್ಯಾಗ ಇಟ್ಕೋತೀನಿ. ಕಳಸ್ತೀರಲ್ರಿ?"

ಭಾವನ ನಗು ಮುಖದ ಮೇಲೆ ಉಳಿಯಿತು, ಕಣ್ಣು ಮಾತ್ರ ನನ್ನನ್ನು ಸುಟ್ಟವು. "ಇನ್ನ ಮ್ಯಾಲೆ ಮನಿ ನೋಡಾಕ ಜನ..." ಎಂದು ಶುರುಮಾಡಿದ. ಪ್ರಿಯಾ, "ಸರ್, ಕಳಸ್ರಿ. ಅವ್ರಿಗೆ ಭಾಳ ನೋವಾಗಾಕತ್ತೈತಿ" ಎಂದಳು. ಅರುಣಕುಮಾರನೂ ಹೌದು ಹೌದು ಎಂದ. ಆರೇಳು ಜನ, ಒಂದು ಫೋನು. "ಹೋಗ್ಲಿ, ನಾನೇನ್ ಬ್ಯಾಡ ಅಂದೆನೇ?" ಎಂದ ಭಾವ. ಆ ಮಾತು ಆರುವ ಮೊದಲೇ ನಾನು ಅಕ್ಕನ ಎರಡು ಸೀರೆ ಚೀಲಕ್ಕೆ ತುಂಬಿದೆ. ಅವತ್ತಿನ ಮಧ್ಯಾಹ್ನದ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಬಂದುಬಿಟ್ಟೆವು.

ನಮ್ಮ ಮನೆಯಲ್ಲಿ ಅಕ್ಕ ಮೊದಲ ಕೆಲವು ದಿನ ಕಳ್ಳಿಯ ಹಾಗೆ ಇದ್ದಳು. ಮಿಕ್ಸರು ಹಾಕಿದರೆ ಬಾಗಿಲ ಕಡೆ ನೋಡುವಳು. ಮೋಟರು ಶುರುವಾದರೆ ತಾನೇ ಏನೋ ತಪ್ಪು ಮಾಡಿದವಳಂತೆ ಎದ್ದು ನಿಲ್ಲುವಳು. ನನ್ನ ಗಂಡ ಪಾತ್ರೆ ತೊಳೆಯಲು ಕೂತಾಗ ಕಣ್ಣು ಮುಚ್ಚಿಕೊಂಡು ಬೈದಳು, ನನ್ನನ್ನು. ಗೋಡೆಗೆ ಬೆರಳು ಹಚ್ಚಿ ಮೇಲಕ್ಕೆ ತೆವಳಿಸುವ ವ್ಯಾಯಾಮ ಡಾಕ್ಟರು ಹೇಳಿಕೊಟ್ಟಿದ್ದರು. ಬೆಳಿಗ್ಗೆ ಸಂಜೆ ನಾನು ಹಿಂದೆ ನಿಂತು ಮಾಡಿಸಿದೆ. ಬಿಟ್ಟರೆ ಮಾಡುವವಳಲ್ಲ. ಡ್ಯೂಟಿಗೆ ಹೊರಡುವ ಮೊದಲು ಅವಳ ತಲೆ ಬಾಚಿ ಜಡೆ ಹಾಕುವುದು ನನ್ನ ಕೆಲಸವಾಯಿತು. ಚಿಕ್ಕವಳಿದ್ದಾಗ ನನ್ನ ತಲೆಯನ್ನು ಅವಳು ಎಳೆದೆಳೆದು ಬಾಚುತ್ತಿದ್ದಳು. ನಾನೂ ಎಳೆದೇ ಬಾಚಿದೆ.

ವಿಡಿಯೋ ಬಂತೇ ಎಂದು ಕೇಳುತ್ತೀರಿ. ಬರಲಿಲ್ಲ. ಪ್ರಿಯಾ ಅದನ್ನು ಅರುಣಕುಮಾರನಿಗೆ ಕೊಡಲಿಲ್ಲ, "ಅಳಿಸಿಬಿಟ್ಟೆ" ಎಂದಳಂತೆ. ಭಾವ ಅದಕ್ಕೂ ನನ್ನನ್ನೇ ಬೈದನೆಂದು ಹಡಗಲಿಯ ಮಗಳು ಫೋನಿನಲ್ಲಿ ಹೇಳಿದಳು. ಬೈದುಕೊಳ್ಳಲಿ.

ಒಂದು ಬೆಳಿಗ್ಗೆ ಭಾವನೇ ನಮ್ಮ ಬಾಗಿಲಿಗೆ ಬಂದ. ಅಂಗಿಯ ಗೆರೆ ಹೋಗಿತ್ತು. ಕಾಲು ತೊಳೆಯಲು ನೀರು ಕೊಟ್ಟೆ, ಚಹಾ ಕೊಟ್ಟೆ. ಅಕ್ಕ ಎದುರಿಗೆ ಬಂದು ಗೋಡೆ ಹಿಡಿದು ನಿಂತಳು. ಹೇಗಿದ್ದೀಯ ಎಂದು ಈಗಲಾದರೂ ಕೇಳುತ್ತಾನೆ ಎಂದು ನಾನು ಕಾಯುತ್ತಿದ್ದೆ. ಕಪ್ಪು ಕೆಳಗಿಟ್ಟು ಅವನು ಹೇಳಿದ್ದು ಇಷ್ಟು:

"ಮನ್ಯಾಗ ಕರೆಂಟ್ ಭಾಳ ಹೊಂಟೈತಿ ಕೊಟ್ರಮ್ಮ. ಮೋಟರು ಹಾಕಬೇಕಾತು. ಗೀಸರ್ ತಂದೀನಿ. ಮಿಕ್ಸರ್ ಇಳಿಸೀನಿ. ಬಟ್ಟಿ ಒಗಿಯಾಕ ಮಷೀನ್ ಬಂತು. ಇರೋನು ನಾನೊಬ್ಬ, ಆದ್ರೂ ಮೀಟರಿನವ ಬಂದು, 'ಏನ್ ಯಜಮಾನ್ರ, ಮನಿಗೆ ಬೀಗರು ಬಂದಾರೇನ್ರಿ?' ಅಂತ ನಗಾಡ್ದ. ಓಣ್ಯಾಗ ಮಾನ ಹೋತು. ಸಾಕಿನ್ನ, ಬಾ ಮನಿಗೆ."

ನಾನು ಬಾಯಿ ತೆರೆದೆ. ತೆರೆದ ಬಾಯಿಯಿಂದ ಏನು ಬರುತ್ತಿತ್ತೋ, ಅವತ್ತು ಭಾವನಿಗೆ ನಾನು ಕೊಡುವ ಮರ್ಯಾದೆಯೆಲ್ಲ ಮುಗಿದುಹೋಗುತ್ತಿತ್ತು. ಅಕ್ಕ ಕೈ ಸನ್ನೆ ಮಾಡಿ ನನ್ನನ್ನು ತಡೆದಳು. ನೆಲ ನೋಡುತ್ತ, ಮೆಲ್ಲಗೆ, "ಡಾಕ್ಟ್ರು ಬ್ಯಾಡ ಅಂದಾರ್ರಿ. ನನ್ನ ತಲಿ ನಾನ ಬಾಚ್ಕೊಳ್ಳಾಕ ಬಂದ ದಿನ ಬರ್ತೀನಿ" ಎಂದಳು.

"ಅದು ಯಾವಾಗ?"

"ಬಂದಾಗ ಹೇಳ್ತೀನ್ರಿ."

ಅವನು ತಾರೀಕು ಸಿಗದ ಗಿರಾಕಿಯ ಹಾಗೆ ಎದ್ದು ಹೋದ. ಅಕ್ಕ ಅವತ್ತು ಊಟ ಮಾಡಲಿಲ್ಲ. "ಪಾಪ, ಸೊರಗ್ಯಾರ" ಎಂದಳು. ಇಷ್ಟು ವರ್ಷದ ಅಭ್ಯಾಸ, ಒಂದು ಮಾತಿಗೆ ಹೋಗುತ್ತದೆಯೇ? ಇನ್ನೆರಡು ವಾರಕ್ಕೆ ಚೀಲ ಕಟ್ಟಿಕೊಂಡು ಹೊರಡುತ್ತಾಳೆ, ಹೊರಟ ಮರುದಿನವೇ ಮಿಕ್ಸರು ಅಟ್ಟ ಸೇರುತ್ತದೆ ಎಂದು ನಾನು ಮನಸ್ಸಿನಲ್ಲೇ ಸಿದ್ಧಳಾಗಿದ್ದೆ. ಸುಳ್ಳು ಹೇಳಿ ಗೊತ್ತಿಲ್ಲದವಳು ನಮ್ಮ ಅಕ್ಕ. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದರೂ ಅವ್ವ ಕೇಳುವ ಮೊದಲೇ ಒಪ್ಪಿಕೊಂಡು ನನಗೂ ಸೇರಿಸಿ ಏಟು ತಿನ್ನಿಸುತ್ತಿದ್ದಳು.

ಗೋಡೆಯ ಮೇಲೆ ಬೆರಳು ದಿನಕ್ಕಿಷ್ಟು ಮೇಲೆ ಹೋಗುತ್ತ ಬಂತು. ಭಾವ ಪ್ರತಿ ಸೋಮವಾರ ಫೋನು ಮಾಡಿ ಕೈ ಎಲ್ಲಿಯವರೆಗೆ ಬಂತು ಎಂದು ವಿಚಾರಿಸುತ್ತಿದ್ದ. ಅಕ್ಕ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು. ಗಲ್ಲದ ಮಟ್ಟ, ಕಿವಿಯ ಮಟ್ಟ.

ಹೋದ ಸೋಮವಾರ ನನ್ನ ರಜೆ. ಬಾಚಣಿಗೆ ಎಣ್ಣೆ ಹಿಡಿದುಕೊಂಡು ಹೊರಗೆ ಬಂದರೆ ಅಕ್ಕ ಪಡಸಾಲೆಯಲ್ಲಿ ಕನ್ನಡಿಯ ಮುಂದೆ ನಿಂತಿದ್ದಳು. ಎರಡೂ ಕೈ ತಲೆಯ ಹಿಂದೆ. ಬೈತಲೆ ತೆಗೆದು, ಕೂದಲನ್ನು ಮೂರು ಭಾಗ ಮಾಡಿ, ಬುಡದಿಂದ ಬಿಗಿಯಾಗಿ ಹೆಣೆದುಕೊಂಡು ಬರುತ್ತಿದ್ದಳು. ಬಲ ಮೊಣಕೈ ಸ್ವಲ್ಪ ನಡುಗುತ್ತಿತ್ತು, ಆದರೆ ಇಳಿಯಲಿಲ್ಲ. ಇನ್ನು ಚೀಲ ಕಟ್ಟುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಫೋನು ಬಡಿಯಿತು. ಭಾವನದು. ಅಕ್ಕ ಎಡಗೈಯಲ್ಲಿ ಅರ್ಧ ಹೆಣೆದ ಜಡೆ ಹಿಡಿದುಕೊಂಡು, ಬಲಗೈಯಿಂದ ಫೋನು ಎತ್ತಿ ಕಿವಿಗೆ ಹಚ್ಚಿಕೊಂಡಳು. ಕೈ ಹೆಂಗೈತಿ ಎಂದು ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸಿತು.

"ಇನ್ನೂ ಮ್ಯಾಲ ಏಳವಲ್ದ್ರಿ" ಎಂದಳು ಅಕ್ಕ.

ಫೋನು ಇಟ್ಟು, ಕನ್ನಡಿಯ ಕಡೆ ತಿರುಗಿ, ಉಳಿದ ಜಡೆಯನ್ನು ಹೆಣೆದು ಮುಗಿಸಿದಳು.